ಸಹಾಯ ಬೇಕು: ತಮ್ಮನಿಗೆ ಎಲ್ಲರ ಜೊತೆ ಫುಟ್‌ಬಾಲ್ ಆಡೋ ಜಾಗ

ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಂಗಳೂರಿನ ವಿಜಯನಗರದಲ್ಲಿ. ನನ್ನ ತಮ್ಮನಿಗೆ 19 ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರೋ, ಕಲಿಕೆ ನಿಧಾನ ಆಗೋ ಸ್ಥಿತಿ) ಇದೆ. ಫುಟ್‌ಬಾಲ್ ಅಂದ್ರೆ ಪ್ರಾಣ. ಶಾಲೆ ಮುಗಿದ ಮೇಲೆ ಟಿವಿ ಮುಂದೆ ಕೂತವನು ಏಳೋದೇ ಇಲ್ಲ. ಹತ್ತಿರದ ಒಂದು ಕೋಚಿಂಗ್‌ಗೆ ಸೇರಿಸಿದ್ವಿ. ಎರಡು ವಾರ ಬರೀ ಆಚೆ ಹೋದ ಚೆಂಡು ತರೋ ಕೆಲಸ! ಫೀಸು ಮಾತ್ರ ಪೂರ್ತಿ ತಗೊಂಡ್ರು.

ಇಂಥವರಿಗಾಗಿ ಆಟ, ಸ್ಪರ್ಧೆ ನಡೆಸೋ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಯೂನಿಫೈಡ್ ಸ್ಪೋರ್ಟ್ಸ್ ಅಂತ ಇದೆ. ಬೌದ್ಧಿಕ ಅಂಗವೈಕಲ್ಯ ಇರೋರು, ಇಲ್ಲದೋರು ಒಂದೇ ತಂಡದಲ್ಲಿ ಆಡ್ತಾರೆ. 8 ವರ್ಷ ತುಂಬಿದ್ರೆ ಸ್ಪರ್ಧಿಸಬಹುದು, ಗರಿಷ್ಠ ವಯೋಮಿತಿ ಇಲ್ಲ. (ಪ್ಯಾರಾಲಿಂಪಿಕ್ಸ್ ಬೇರೆ, ಇದು ಬೇರೆ. ನಾನೂ ಎರಡೂ ಒಂದೇ ಅಂದ್ಕೊಂಡಿದ್ದೆ.) ನಮ್ಮ ದೇಶದಲ್ಲಿ ಇದನ್ನು ನಡೆಸೋದು ಸ್ಪೆಷಲ್ ಒಲಿಂಪಿಕ್ಸ್ ಭಾರತ್.

ಬೆಂಗಳೂರಲ್ಲಿ ಇಂಥ ತಂಡದಲ್ಲಿ ನಿಮ್ಮ ಮಕ್ಕಳೋ ಅಣ್ಣ ತಮ್ಮಂದಿರೋ ಆಡ್ತಿದ್ದಾರಾ? ಅಭ್ಯಾಸ ಎಲ್ಲಿ, ಯಾವ ದಿನ? ನೇರಳೆ ಮೆಟ್ರೋ ಮಾರ್ಗದಲ್ಲಿದ್ರೆ ಅಮ್ಮನೇ ಕರ್ಕೊಂಡು ಹೋಗಬಹುದು.

ಇನ್ನೊಂದು ವಿಷಯ. ಡೌನ್ ಸಿಂಡ್ರೋಮ್ ಇರೋ ಕೆಲವರಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ಹಿಡಿತ ಸಡಿಲ ಇರುತ್ತೆ. ಅಂಥವರಿಗೆ ತಲೆಯಿಂದ ಚೆಂಡು ಹೊಡೆಯೋದು, ಪಲ್ಟಿ ಹೊಡೆಯೋದು ಅಪಾಯ. ಇವನಿಗೆ ಡಾಕ್ಟರ್ ಹತ್ರ ತೋರಿಸಿ ಆಗಿದೆ, ಆದ್ರೂ ಇದು ಗೊತ್ತಿರೋ ಕೋಚ್ ಸಿಕ್ಕಿದ್ರೆ ನನಗೆ ಧೈರ್ಯ.

ತಂಡ ಇಲ್ಲದಿದ್ರೂ ಪರವಾಗಿಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಇವನ ಜೊತೆ ಆಡೋಕೆ ನಾಲ್ಕೈದು ಹುಡುಗ್ರು ಸಿಕ್ಕಿದ್ರೆ ಸಾಕು. ಚೆಂಡು, ಆಮೇಲೆ ಎಲ್ರಿಗೂ ಮಸಾಲೆ ದೋಸೆ ನಮ್ಮದು. ದಯವಿಟ್ಟು ಇನ್‌ಬಾಕ್ಸ್ ಮಾಡಿ.