ಝೆನ್ ಮುಂದಿನ ಎಡ ಚಕ್ರ ಜಾಮ್: ಕ್ಯಾಲಿಪರ್ ಹೊಸದೇ ಬೇಕಾ, ರಬ್ಬರ್ ಸೀಲ್ ಕಿಟ್ ಸಾಕಾ?

ನಂದಿ ರಸ್ತೆ ಝೆನ್:
ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಮಾರುತಿ ಝೆನ್, ಅಪ್ಪ ತಗೊಂಡಿದ್ದು. ಊರು ಚಿಕ್ಕಬಳ್ಳಾಪುರ. ಮಳೆಗಾಲವೆಲ್ಲ ಗಾಡಿ ಶೆಡ್ಡಲ್ಲೇ ನಿಂತಿತ್ತು. ಈಗ ಸ್ವಲ್ಪ ದೂರ ಓಡಿಸಿದ್ರೆ ಸಾಕು, ಮುಂದಿನ ಎಡ ಚಕ್ರದ ಹತ್ತಿರ ಸುಟ್ಟ ವಾಸನೆ. ರಿಮ್ ಮುಟ್ಟೋಕಾಗಲ್ಲ, ಬಲಗಡೇದು ಬರೀ ಬೆಚ್ಚಗಿರುತ್ತೆ. ಬ್ರೇಕ್ ತುಳಿಯದೇ ಇದ್ರೂ ಎಡಕ್ಕೆ ಎಳೆಯುತ್ತೆ. ಒಂದು ಗ್ಯಾರೇಜಲ್ಲಿ ಎರಡೂ ಕಡೆ ಕ್ಯಾಲಿಪರ್, ಅಂದ್ರೆ ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತೋ ಭಾಗ, ಪೂರ್ತಿ ಹೊಸದು ಹಾಕಿಸಿ ಅಂದ್ರು. ಇನ್ನೊಬ್ಬರು ಅದರೊಳಗೆ ಪ್ಯಾಡ್ ತಳ್ಳೋ ಪಿಸ್ಟನ್ ತೆಗೆದು ಉಪ್ಪು ಕಾಗದದಲ್ಲಿ ಉಜ್ಜಿ ಗ್ರೀಸ್ ಹಚ್ಚಿದ್ರೆ ಆಯ್ತು ಅಂತಾರೆ. ಯಾರ ಮಾತು ಕೇಳಲಿ? ಮನೆಯವರನ್ನ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗೋ ಗಾಡಿ ಇದು.

ಗೌರಿಬಿದನೂರು ಟ್ಯಾಕ್ಸಿ:
ಹೊಸದು ಹಾಕಿಸಿ ಸಾರ್. ಬ್ರೇಕ್ ವಿಷಯದಲ್ಲಿ ಚೌಕಾಸಿ ಬೇಡ.

ಶಿಡ್ಲಘಟ್ಟ ಸವಾರ:
ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ರಾ? ಮಳೆಗಾಲದಲ್ಲಿ ಹಂಗೆ ನಿಲ್ಲಿಸಿದ್ರೆ ಕಚ್ಚಿಕೊಳ್ಳುತ್ತೆ. ಕೇಬಲ್ ನೋಡಿಸಿ.

ಚಿಂತಾಮಣಿ ಮೆಕ್ಯಾನಿಕ್:
ಅಣ್ಣ, ಈ ಗಾಡೀಲಿ ಹ್ಯಾಂಡ್‌ಬ್ರೇಕ್ ಇರೋದು ಹಿಂದಿನ ಡ್ರಮ್ಮಿಗೆ. ಮುಂದಿನ ಚಕ್ರಕ್ಕೆ ಸಂಬಂಧ ಇಲ್ಲ.

ಝೆನ್ ಸಾರ್, ದುಡ್ಡು ಬಿಚ್ಚೋ ಮುಂಚೆ ಜಾಮ್ ಎಲ್ಲಾಗಿದೆ ಅಂತ ಗೊತ್ತು ಮಾಡ್ಕೊಳ್ಳಿ. ಪಿಸ್ಟನ್ ಹಿಡಿದಿರಬಹುದು, ಕ್ಯಾಲಿಪರ್ ಜಾರೋ ಪಿನ್ ಹಿಡಿದಿರಬಹುದು, ಇಲ್ಲಾ ಕ್ಯಾಲಿಪರಿಗೆ ಬ್ರೇಕ್ ಆಯಿಲ್ ತರೋ ರಬ್ಬರ್ ಹೋಸ್ ಕಟ್ಟಿರಬಹುದು. ಹೋಸನ್ನ ಯಾರೂ ನೋಡಲ್ಲ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಉಬ್ಬಿ ದಾರಿ ಮುಚ್ಚಿರುತ್ತೆ. ಪೆಡಲ್ ತುಳಿದಾಗ ಆಯಿಲ್ ನುಗ್ಗಿಕೊಂಡು ಹೋಗುತ್ತೆ, ಕಾಲು ತೆಗೆದ್ರೆ ವಾಪಸ್ ಬರಲ್ಲ. ಅಂಥ ಗಾಡಿಗೆ ಹೊಸ ಕ್ಯಾಲಿಪರ್ ಹಾಕಿದ್ರೂ ಮತ್ತೆ ಅದೇ ಕತೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಪೆಡಲ್ ತುಳಿದು ಬಿಟ್ಟು ಚಕ್ರ ತಿರುಗಿಸಿ ನೋಡಿ. ಬಿಗಿ ಇದ್ದಾಗಲೇ ಬ್ಲೀಡರ್ ನಿಪ್ಪಲ್ (ಕ್ಯಾಲಿಪರಿಂದ ಆಯಿಲ್, ಗಾಳಿ ಹೊರಗೆ ಬಿಡೋ ತಿರುಪು) ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡ್ರೆ ಒತ್ತಡ ಒಳಗೇ ನಿಂತಿದೆ ಅಂತ ಅರ್ಥ, ಮೊದಲು ಹೋಸ್ ನೋಡಿ. ಚಕ್ರ ಹಂಗೇ ಬಿಗಿ ಇದ್ರೆ ಪಿಸ್ಟನ್ನೋ ಪಿನ್ನೋ. ಹಳೇ ನಿಪ್ಪಲ್ ಬೇಗ ಮುರಿಯುತ್ತೆ. ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಆಯಿಲ್ ರಬ್ಬರಿಗೆ ತಾಗದಂಗೆ ಬಿಟ್ಟಿರಿ, ರಿಂಗ್ ಸ್ಪ್ಯಾನರಲ್ಲೇ ತಿರುಗಿಸಿ.

ಒಂದು ಕೇಳೋದಿತ್ತು. ಪ್ಯಾಡ್ ಯಾವಾಗ ಬದಲಾಯಿಸಿದ್ರಿ?

ನಂದಿ ರಸ್ತೆ ಝೆನ್:
ಮಳೆಗಾಲ ಮುಗಿದ ಮೇಲೆ, ಗಾಡಿ ಹೊರಗೆ ತೆಗೆದಾಗ. ತೊಂದರೆ ಶುರುವಾಗಿದ್ದೂ ಆಮೇಲೇ. ಪ್ಯಾಡ್ ಕಳಪೆ ಅಂತೀರಾ?

ಚಿಂತಾಮಣಿ ಮೆಕ್ಯಾನಿಕ್:
ಪ್ಯಾಡ್ ತಪ್ಪಲ್ಲ ಅನ್ಸುತ್ತೆ ಸಾರ್. ಪ್ಯಾಡ್ ಸವೆದಂಗೆಲ್ಲ ಪಿಸ್ಟನ್ ಹೊರಗೆ ಬಂದು ನಿಲ್ಲುತ್ತೆ. ಹೊರಗೆ ಬಂದ ಭಾಗಕ್ಕೆ ಡಸ್ಟ್ ಕವರ್ ಒಂದೇ ರಕ್ಷಣೆ. ಅದು ಹರಿದಿದ್ರೆ ನೀರು ಸೇರಿ ಕ್ರೋಮ್ ತುಕ್ಕು ಹಿಡಿಯುತ್ತೆ. ಹೊಸ ದಪ್ಪ ಪ್ಯಾಡ್ ಕೂರಿಸೋಕೆ ಪಿಸ್ಟನ್ನ ಒಳಕ್ಕೆ ಒತ್ತುತ್ತಾರಲ್ಲ, ಆಗ ತುಕ್ಕು ಹಿಡಿದ ಭಾಗವೇ ಸೀಲಿನೊಳಗೆ ಹೋಗಿ ಕೂರುತ್ತೆ. ಪಿಸ್ಟನ್ ಹಿಂದಕ್ಕೆ ತರೋಕೆ ಅಲ್ಲಿ ಸ್ಪ್ರಿಂಗ್ ಇಲ್ಲ, ಆ ಚೌಕ ಅಂಚಿನ ರಬ್ಬರ್ ಸೀಲೇ ತರಬೇಕು. ತುಳಿದಾಗ ಸೀಲ್ ಬಾಗುತ್ತೆ, ಬಿಟ್ಟಾಗ ನೆಟ್ಟಗಾಗುತ್ತೆ, ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಬರುತ್ತೆ. ತುಕ್ಕಿನ ಮೇಲೆ ಅದರ ಆಟ ನಡೆಯಲ್ಲ.

ಬಾಗೇಪಲ್ಲಿ ಹಳೇ ಗಾಡಿ:
ಅದಕ್ಕೇ ಉಪ್ಪು ಕಾಗದ ಹೊಡೀಬೇಕು ಅನ್ನೋದು. ನಮ್ಮ ಕಡೆ ಎಲ್ಲಾ ಉಜ್ಜಿ, ಗ್ರೀಸ್ ಹಾಕಿ ಓಡಿಸ್ತಿದಾರೆ. ಇಪ್ಪತ್ತು ವರ್ಷದ ಗಾಡಿಗೆ ಅಷ್ಟೊಂದು ಸುರೀಬೇಕಾ?

ಗೌರಿಬಿದನೂರು ಟ್ಯಾಕ್ಸಿ:
ಓಡೋದು ಬೇರೆ ಅಣ್ಣ, ನಿಲ್ಲೋದು ಬೇರೆ. ಬೆಟ್ಟ ಇಳಿಯುವಾಗ ತಿರುವಲ್ಲಿ ಪೆಡಲ್ ಒಳಕ್ಕೆ ಹೋದ್ರೆ ಯಾರು ಹೊಣೆ?

ಮೇಷ್ಟ್ರು, ಚಿಕ್ಕಬಳ್ಳಾಪುರ:
ಟ್ಯಾಕ್ಸಿಯವರ ಭಯಕ್ಕೆ ಕಾರಣ ಇದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಬೇಕಾದ್ದು ಕನಿಷ್ಠ 205 ಡಿಗ್ರಿಗೆ. ತೇವ ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ಜಾಮ್ ಆದ ಚಕ್ರ ಸಮತಟ್ಟು ರಸ್ತೆಯಲ್ಲೇ ಕಾದಿರುತ್ತೆ. ಅದರ ಮೇಲೆ 1478 ಮೀಟರ್ ಎತ್ತರದ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಆಯಿಲ್ ಕುದಿದು ಆವಿಯಾಗುತ್ತೆ. ಪೆಡಲ್ ತುಳಿದ್ರೆ ಆವಿ ಕುಗ್ಗುತ್ತೆ, ಬ್ರೇಕ್ ಹಿಡಿಯಲ್ಲ. ರಿಪೇರಿ ಆಗೋವರೆಗೂ ಬೆಟ್ಟದ ಕಡೆ ಹೋಗಲೇಬೇಡಿ. ಇಷ್ಟು ಹಳೇ ಗಾಡಿಯಲ್ಲಿ ಆಯಿಲನ್ನೂ ಪೂರ್ತಿ ಬದಲಾಯಿಸಿ.

ಚಿಂತಾಮಣಿ ಮೆಕ್ಯಾನಿಕ್:
ಬಾಗೇಪಲ್ಲಿ ಅಣ್ಣ, ಉಜ್ಜೋದರಲ್ಲಿ ಎರಡು ಜಾಗ ಬೇರೆ ಬೇರೆ. ಕ್ಯಾಲಿಪರ್ ಒಳಗಿನ ಗುಂಡಿ, ಸೀಲ್ ಕೂರೋ ತೋಡು, ಅಲ್ಲಿ ತೆಳು ತುಕ್ಕಿದ್ರೆ ಮೆತ್ತಗೆ ತೆಗೀಬಹುದು. ಆಯಿಲ್ ತಡೆಯೋದು ಪಿಸ್ಟನ್ ಮೈ ಮೇಲೆ. ಅದರ ಕ್ರೋಮ್ ಕಿತ್ತು ಬಂದು ಗುಳಿ ಬಿದ್ದಿದ್ರೆ ಎಷ್ಟು ಉಜ್ಜಿದ್ರೂ ಗುಳಿ ಹೋಗಲ್ಲ, ಇರೋ ಕ್ರೋಮೂ ಹೋಗಿ ಇನ್ನೊಂದು ಮಳೆಗಾಲಕ್ಕೆ ಅದೇ ಪಾಡು.

ಗ್ರೀಸ್ ವಿಷಯ ಅದಕ್ಕಿಂತ ಮುಖ್ಯ. ಬೇರಿಂಗಿಗೆ ಹಾಕೋ ಗ್ರೀಸ್ ಇಲ್ಲಿ ಹಾಕಿದ್ರೆ ರಬ್ಬರ್ ಊದಿಕೊಳ್ಳುತ್ತೆ, ಸೀಲ್ ಪಿಸ್ಟನ್ನ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ ಇಲ್ಲಾ ಬ್ರೇಕ್ ರಬ್ಬರ್ ಗ್ರೀಸ್ ಹಾಕಿ, ಪಿನ್ನಿಗೆ ಸಿಲಿಕೋನ್ ಗ್ರೀಸ್. ಪೆಟ್ರೋಲ್, ಡೀಸೆಲ್ಲಲ್ಲಿ ತೊಳೀಬೇಡಿ.

ಪಿಸ್ಟನ್ ತೆಗೆಯೋಕೆ ಹೋಸ್ ಬಿಚ್ಚೋ ಮುಂಚೆನೇ ಪೆಡಲ್ ಒತ್ತಡ ಬಳಸಿ. ಎದುರಿಗೆ ಮರದ ತುಂಡು ಇಡಿ. ಕಂಪ್ರೆಸರ್ ಗಾಳಿ ಬಿಟ್ರೆ ಪಿಸ್ಟನ್ ಗುಂಡಿನ ಹಾಗೆ ಹಾರುತ್ತೆ, ಬೆರಳು ಅಡ್ಡ ಇದ್ರೆ ಮುರಿಯುತ್ತೆ.

ನಂದಿ ರಸ್ತೆ ಝೆನ್:
ಭಾನುವಾರ ಪಕ್ಕದ ಮನೆ ಅಣ್ಣನ ಜೊತೆ ಬಿಚ್ಚಿದೆ. ನಿಪ್ಪಲ್ ಬಿಟ್ಟಾಗ ಆಯಿಲ್ ಸುಮ್ಮನೆ ತೊಟ್ಟಿಕ್ಕಿತು, ಚಕ್ರ ಬಿಡಲಿಲ್ಲ. ಪಿನ್ ಎರಡೂ ಕೈಯಲ್ಲೇ ಜಾರ್ತಿವೆ. ಡಸ್ಟ್ ಕವರ್ ಕೆಳಗಡೆ ಅರ್ಧ ಸುತ್ತು ಹರಿದಿದೆ. ಪಿಸ್ಟನ್ ಪೆಡಲ್‌ಗೆ ಕಟಕಟ ಅನ್ಕೊಂಡು ಹೊರಗೆ ಬಂತು. ಬಾಯಿಯಿಂದ ಒಂದು ಬೆರಳಗಲ ಕೆಳಗೆ ಕಂದು ಪಟ್ಟಿ. ಉಗುರು ಎಳೆದ್ರೆ ಗುಳಿಗೆ ಸಿಕ್ಕಿಕೊಳ್ಳುತ್ತೆ. ಆಯಿಲ್ ಕಪ್ಪು ಕಾಫಿ ಬಣ್ಣ.

ಗೌರಿಬಿದನೂರು ಟ್ಯಾಕ್ಸಿ:
ಪೂರ್ತಿ ಕ್ಯಾಲಿಪರ್ ತಗೊಳ್ಳಿ ಸಾರ್, ಇನ್ನೇನು ಮಾತಿದೆ?

ಚಿಂತಾಮಣಿ ಮೆಕ್ಯಾನಿಕ್:
ಉಗುರು ಸಿಕ್ಕಿಕೊಂಡ್ರೆ ಆ ಪಿಸ್ಟನ್ ಮತ್ತೆ ಹಾಕಬಾರದು. ಅಲ್ಲಿಗೆ ಬರೀ ಸೀಲ್ ಕಿಟ್ ಮಾತು ಮುಗೀತು, ಟ್ಯಾಕ್ಸಿ ಅಣ್ಣನ ಕಡೆಗೆ ಅರ್ಧ ದಾರಿ ಬಂದೆ. ಆದ್ರೆ ಕ್ಯಾಲಿಪರ್ ಮೈ ಚೆನ್ನಾಗಿದ್ರೆ ಪಿಸ್ಟನ್, ಸೀಲ್, ಕವರ್ ಹೊಸದು ಸಾಕು. ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ, ವ್ಯಾಸ, ಉದ್ದ ಎರಡೂ ಹೋಲಿಸಿ ತಗೊಳ್ಳಿ. ಸಿಗದೇ ಇದ್ರೆ ಪೂರ್ತಿ ಕ್ಯಾಲಿಪರ್. ಗುಜರಿಯಿಂದ ತಂದ ಕ್ಯಾಲಿಪರ್ ಒಳಗೆ ನೋಡದೇ ಹಾಕಬೇಡಿ.

ನಂದಿ ರಸ್ತೆ ಝೆನ್:
ಬಲಗಡೆ?

ಚಿಂತಾಮಣಿ ಮೆಕ್ಯಾನಿಕ್:
ಬಿಚ್ಚಿ ಕವರ್ ನೋಡಿ. ಅದೇ ವಯಸ್ಸು, ಅದೇ ಮಳೆ. ಕವರ್ ಗಟ್ಟಿ ಇದ್ದು ಪಿಸ್ಟನ್ ಕೈಯಲ್ಲಿ ಒತ್ತಿದ್ರೆ ಒಳಗೆ ಹೋದ್ರೆ ಆ ಕಡೆ ಬರೀ ಸೀಲ್ ಕಿಟ್. ಪ್ಯಾಡ್ ಮಾತ್ರ ಎರಡೂ ಕಡೆ ಒಟ್ಟಿಗೇ ಹೊಸದು, ಎಡಗಡೇದು ಕಾದು ಗಾಜಿನ ಥರ ಆಗಿರುತ್ತೆ. ಡಿಸ್ಕ್ ದಪ್ಪವನ್ನೂ ಅಳೆಸಿ. ಏರ್ ಪೂರ್ತಿ ತೆಗೆದು, ಪೆಡಲ್ ಗಟ್ಟಿ ನಿಂತ ಮೇಲೆ ಖಾಲಿ ರಸ್ತೇಲಿ ಓಡಿಸಿ ಎರಡೂ ರಿಮ್ ಬಿಸಿ ಹೋಲಿಸಿ ಬರೆಯಿರಿ.