ಫೈಬ್ರೊಮಯಾಲ್ಜಿಯ ಇರುವವರಿಗೆ ಹೊಸದಾಗಿ ಕೈನಡುಕ ಬಂದರೆ

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಆರು ವರ್ಷಗಳಿಂದ ಫೈಬ್ರೊಮಯಾಲ್ಜಿಯ ಇದೆ. ಮೈಕೈ ನೋವಿಗೂ, ನಿದ್ದೆ ಮಾಡಿ ಎದ್ದರೂ ಇಳಿಯದ ಆಯಾಸಕ್ಕೂ ಹೇಗೋ ಹೊಂದಿಕೊಂಡಿದ್ದೆ. ಮೂರು ತಿಂಗಳಿಂದ ಬಲಗೈ ನಡುಗಲು ಶುರುವಾಗಿದೆ. ಕೈಯನ್ನು ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಾಗಲೇ ಹೆಬ್ಬೆರಳು ಅಲುಗುತ್ತಿರುತ್ತದೆ. ಕಪ್ಪುಹಲಗೆಯ ಮೇಲಿನ ಅಕ್ಷರ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಣ್ಣದಾಗುತ್ತದೆ. ಹಿಂದಿನ ಬೆಂಚಿನ ಮಗುವೊಂದು "ಟೀಚರ್, ಕಾಣಿಸ್ತಿಲ್ಲ" ಎಂದಾಗಲೇ ನನಗದು ಗೊತ್ತಾದದ್ದು. ಸೀರೆಗೆ ಪಿನ್ ಹಾಕಲು ಈಗ ಮಗಳು ಬೇಕು. ತೋರಿಸಿದ ವೈದ್ಯರು "ಎಲ್ಲವೂ ಅದೇ ಕಾಯಿಲೆಯದು, ಚಿಂತೆ ಕಡಿಮೆ ಮಾಡಿ" ಎಂದು ಕಳಿಸಿದರು. ನಿಜವಾಗಿಯೂ ಹೀಗಾಗುವುದುಂಟೆ? ಫೈಬ್ರೊಮಯಾಲ್ಜಿಯಕ್ಕೆ ಬೆಳಿಗ್ಗೆ ಡುಲಾಕ್ಸೆಟಿನ್ 30 ಮಿ.ಗ್ರಾಂ, ರಾತ್ರಿ ಪ್ರಿಗಬಾಲಿನ್ 75 ಮಿ.ಗ್ರಾಂ, ಐದು ತಿಂಗಳಿಂದ ಗ್ಯಾಸ್ಟ್ರಿಕ್‌ಗೆ ಒಂದು ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ (ಬೆಂಗಳೂರಿನಿಂದ)

ಮೇಡಂ, ದಯವಿಟ್ಟು ಮೊದಲು ಆ ಗ್ಯಾಸ್ಟ್ರಿಕ್ ಕ್ಯಾಪ್ಸೂಲಿನ ಸ್ಟ್ರಿಪ್ ಹಿಂಬದಿ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಅಚ್ಚಾದ ಎರಡನೆಯ ಹೆಸರನ್ನು ಓದಿ. ಅಲ್ಲಿ ಲೆವೊಸಲ್ಪಿರೈಡ್ ಎಂದಿದ್ದರೆ ಅದನ್ನು ಬರೆದುಕೊಟ್ಟವರಿಗೆ ಇಂದೇ ತಿಳಿಸಿ. ಹೊಟ್ಟೆಯುಬ್ಬರಕ್ಕೆ ನಮ್ಮಲ್ಲಿ ಧಾರಾಳವಾಗಿ ಕೊಡುವ ಈ ಔಷಧಿ ಕೈಕಾಲಿನ ಚಲನೆಯನ್ನು ಹತೋಟಿಯಲ್ಲಿಡಲು ಮಿದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬಂದು, ಪಾರ್ಕಿನ್ಸನ್ ಕಾಯಿಲೆಯಂತೆಯೇ ನಡುಕ, ಬಿಗಿತ, ನಿಧಾನಗತಿಗಳನ್ನು ತರಬಲ್ಲದು. ತಲೆಸುತ್ತಿಗೆ ಕೊಡುವ ಸಿನಾರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನಾರಿಜಿನ್ ಕೂಡ ಹಾಗೆಯೇ. ನನ್ನ ತಾಯಿಗೆ ಆಗಿದ್ದು ಇದೇ; ನಿಲ್ಲಿಸಿದ ಮೇಲೆ ನಡುಕ ಪೂರ್ತಿ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಆದರೆ ಡುಲಾಕ್ಸೆಟಿನ್, ಪ್ರಿಗಬಾಲಿನ್‌ಗಳನ್ನು ನೀವಾಗಿಯೇ ಥಟ್ಟನೆ ಬಿಡಬೇಡಿ, ಹಾಗೆ ಬಿಟ್ಟರೆ ಬೇರೆಯೇ ತೊಂದರೆ ಶುರುವಾಗುತ್ತದೆ.

ಉತ್ತರ (ಹುಬ್ಬಳ್ಳಿಯಿಂದ, ಫಿಸಿಯೋಥೆರಪಿಸ್ಟ್)

ಫೈಬ್ರೊಮಯಾಲ್ಜಿಯ ಇರುವವರು ನಡುಕದ ಮಾತೆತ್ತುವುದುಂಟು, ಆದರೆ ಸುಮ್ಮನಿದ್ದಾಗ ಒಂದೇ ಕೈ ನಡುಗುವುದು, ಅಕ್ಷರ ಕುಗ್ಗುವುದು ಆ ಕಾಯಿಲೆಯ ಲಕ್ಷಣಗಳಲ್ಲ. ಹಳೆಯ ಕಾಯಿಲೆಯೊಂದು ಇದೆ ಎಂಬ ಕಾರಣಕ್ಕೆ ಹೊಸ ಲಕ್ಷಣವನ್ನೂ ಅದರ ಲೆಕ್ಕಕ್ಕೇ ಬರೆಯುವುದನ್ನು ನಾನು ಒಪ್ಪುವುದಿಲ್ಲ. ನರರೋಗ ತಜ್ಞರನ್ನು ಕಾಣಲೇಬೇಕು. ಬೆಂಗಳೂರಿಗೆ ಹೋಗಲು ಸಾಧ್ಯವಾದರೆ ನಿಮ್ಹಾನ್ಸ್ ಇದೆ. ಡುಲಾಕ್ಸೆಟಿನ್ ಕೂಡ ನಡುಕ ತರಬಲ್ಲದು, ಆದರೆ ಅದು ಹೆಚ್ಚಾಗಿ ಕೈ ಚಾಚಿದಾಗ, ಲೋಟ ಎತ್ತಿದಾಗ ಕಾಣುತ್ತದೆ. ಅದರ ಜೊತೆ ನೋವಿಗೆಂದು ಟ್ರಮಡಾಲ್ ಸೇರಿ ನಡುಕ, ಬೆವರು, ಜ್ವರ, ಗಾಬರಿ ಒಟ್ಟಿಗೆ ಬಂದರೆ ಅದು ತುರ್ತು ಸ್ಥಿತಿ. ಥೈರಾಯ್ಡ್, ಬಿ12, ಸಕ್ಕರೆ ಪ್ರಮಾಣದ ರಕ್ತಪರೀಕ್ಷೆಗಳನ್ನೂ ಕೇಳಿ ಮಾಡಿಸಿ. ವೈದ್ಯರ ಎದುರು ಕೂತಾಗ ನಡುಕ ಕಾಣಿಸದೆ ಹೋಗಬಹುದು, ಆದ್ದರಿಂದ ಕೂತಾಗ, ಬರೆಯುವಾಗ, ನಡೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಒಮ್ಮೆಲೇ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಪಕ್ಕ ಸೋತರೆ ಮಾತ್ರ ಏನನ್ನೂ ಕಾಯದೆ 108ಕ್ಕೆ ಕರೆ ಮಾಡಬೇಕು.

ಅಲ್ಲಿಯವರೆಗೆ ಲೋಟವನ್ನು ಅರ್ಧವಷ್ಟೇ ತುಂಬಿಸಿ, ಮೊಣಕೈಯನ್ನು ಮೇಜಿಗೆ ಊರಿ ಕುಡಿಯಿರಿ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ.

ಪ್ರಶ್ನೆ ಕೇಳಿದವರಿಂದ

ಸ್ಟ್ರಿಪ್ ಓದಿದೆ. ರಾಬೆಪ್ರಜೋಲ್ 20, ಲೆವೊಸಲ್ಪಿರೈಡ್ 75 ಎಂದಿದೆ. ಬರೆದುಕೊಟ್ಟ ವೈದ್ಯರಿಗೆ ಫೋನು ಮಾಡಿದಾಗ ನಿಲ್ಲಿಸಲು ಹೇಳಿದರು. ಕಾರಣ ಅದೇ ಎಂದು ನಾನಿನ್ನೂ ನಂಬಿಕೊಂಡು ಕೂತಿಲ್ಲ, ಗುರುವಾರ ನರರೋಗ ತಜ್ಞರನ್ನು ಕಾಣುತ್ತಿದ್ದೇನೆ. ವಿಡಿಯೊ ತೆಗೆಯುತ್ತಿದ್ದ ಮಗಳು "ಅಮ್ಮ, ನಡೆಯುವಾಗ ನಿನ್ನ ಬಲಗೈ ಬೀಸುತ್ತಲೇ ಇಲ್ಲ" ಎಂದಳು. ಅದನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.