ಪ್ಯಾನೆಲ್ ತುದಿಯಲ್ಲಿ ಜೋಡಣೆ ಬಿರಿಯುತ್ತಿದೆ, ಕೈಜನ್ ಮಾಡಿದರೂ ನಿಂತಿಲ್ಲ

ಪ್ರಶ್ನೆ:
ಮರದ ಪಟ್ಟಿಗಳನ್ನು ಪಿವಿಎ ಅಂಟಿನಿಂದ (ಮರಗೆಲಸದ ಬಿಳಿ ಅಂಟು) ಜೋಡಿಸಿ ಟೇಬಲ್ ಪ್ಯಾನೆಲ್ ಮಾಡುತ್ತೇವೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಪ್ಯಾನೆಲ್‌ಗಳು ತುದಿಯಲ್ಲಿ ಬಿರಿಯುತ್ತಿವೆ. ನಡುವೆ ಗಟ್ಟಿಯಾಗಿಯೇ ಇರುತ್ತವೆ. ಕೈಜನ್ (ಕೆಲಸದ ವಿಧಾನವನ್ನು ಸ್ವಲ್ಪಸ್ವಲ್ಪವಾಗಿ ಸುಧಾರಿಸುತ್ತಾ ಹೋಗುವುದು) ತಂಡ ಅಂಟು ಜಾಸ್ತಿ ಮಾಡಿಸಿತು, ಕ್ಲ್ಯಾಂಪ್ ಒತ್ತಡ ಏರಿಸಿತು, ಮತ್ತೆ ತರಬೇತಿಯನ್ನೂ ಕೊಟ್ಟಿತು. ಒಂದು ವಾರ ಸರಿಯಿತ್ತು, ಆಮೇಲೆ ಮತ್ತದೇ. ಏನು ಮಾಡಬಹುದು?

ಉತ್ತರ:
ಬಿರುಕು ಕಾಣಲು ಎರಡು ವಾರ ಬೇಕು ಅಂದರೆ, ಆ ಒಂದು ವಾರ ಸರಿಯಿದ್ದದ್ದು ಸುಧಾರಣೆಯ ಫಲ ಅಲ್ಲ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತಲೂ ಗೊತ್ತಾಗುವುದಿಲ್ಲ. ಮೊದಲು ಹಳೆಯ ಸೆಟ್ಟಿಂಗ್‌ಗೆ ಹೋಗಿ.

ಅಂಟೇ ಕೆಟ್ಟಿದ್ದರೆ ಉದ್ದಕ್ಕೂ ಬಿಡಬೇಕಿತ್ತು, ಅಲ್ವಾ? ಬಿರಿದ ಜಾಗ ಬಿಡಿಸಿ ನೋಡಿ. ಮರದ ನಾರು ಕಿತ್ತು ಬಂದಿದ್ದರೆ ಅಂಟು ತನ್ನ ಕೆಲಸ ಮಾಡಿದೆ. ನುಣುಪಾದ ಅಂಟಿನ ಪದರ ಕಂಡರೆ ಮಾತ್ರ ಅಂಟು, ಒತ್ತಡದ ಕಡೆ ಹೋಗಿ.

ನನಗೆ ಅನುಮಾನ ಇರುವುದು ತೇವದ ಮೇಲೆ. ಮರ ಪಕ್ಕಗಳಿಗಿಂತ ತುದಿಯಿಂದ ಎಷ್ಟೋ ಬೇಗ ಒಣಗುತ್ತದೆ. ಪ್ಲೇನಿಂಗ್ (ಯಂತ್ರದಲ್ಲಿ ಹೆರೆದು ನೇರ ಮಾಡುವುದು) ಆದ ಪಟ್ಟಿ ಸುಮ್ನೆ ಬಿದ್ದಿದ್ದರೆ ತುದಿ ಕುಗ್ಗಿ ಅಂಚು ನೇರ ಉಳಿಯುವುದಿಲ್ಲ. ಕ್ಲ್ಯಾಂಪ್ ಅದನ್ನು ಬಲವಂತವಾಗಿ ಮುಚ್ಚುತ್ತದೆ, ಎಳೆತ ಒಳಗೇ ಉಳಿಯುತ್ತದೆ. ಅಂಟು ಹಾಕದೆ ಎರಡು ಪಟ್ಟಿ ಜೋಡಿಸಿ ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಸಂದು ಕಂಡರೆ ಇದೇ ಕಾರಣ ಅಂತ ನಂಬಬಹುದು.

ಪ್ರತಿ ಬ್ಯಾಚ್‌ಗೆ ಒಂದು ಹಾಳೆ ಇಡಿ: ಪ್ಲೇನಿಂಗ್ ಆದ ಹೊತ್ತು, ಅಂಟಿಸಿದ ಹೊತ್ತು, ತುದಿ ಮತ್ತು ನಡುವಿನ ತೇವಾಂಶ, ಆಮೇಲೆ ಬಿರಿದವು ಎಷ್ಟು. ಮೀಟರ್ ಅನ್ನು ಆ ಜಾತಿಯ ಮರಕ್ಕೆ ಹೊಂದಿಸಿರಬೇಕು. ನಂಬಿಕೆ ಬರದಿದ್ದರೆ ಒಂದು ತುಂಡನ್ನು 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ನಿಜವಾದ ಶೇಕಡಾವಾರು ಸಿಗುತ್ತದೆ.

ಪ್ರಶ್ನೆ ಕೇಳಿದವರು:
ನಾರು ಕಿತ್ತು ಬಂದಿದೆ. ಹಾಳೆಯಲ್ಲೂ ಸ್ಪಷ್ಟವಾಗಿದೆ, ವಾರದ ಕೊನೆಗೆ ಪ್ಲೇನ್ ಮಾಡಿ ರಜೆ ಮುಗಿದ ಮೇಲೆ ಅಂಟಿಸಿದ ಬ್ಯಾಚ್‌ಗಳೇ ಜಾಸ್ತಿ ಬಿರಿದಿವೆ. ‘ಬೇಗ ಅಂಟಿಸಿ’ ಅಂತ ಬೋರ್ಡ್ ಹಾಕಿದರೆ ಸಾಕಾ?

ಉತ್ತರ:
ಸಾಲದು. ಪಟ್ಟಿಗಳು ಯಾಕೆ ಕಾಯುತ್ತಿವೆ? ಪ್ಲೇನರ್ ದೊಡ್ಡ ಬ್ಯಾಚ್ ಮಾಡುತ್ತಿದೆ. ಯಾಕೆ? ಬಹುಶಃ ಅಳತೆ ಬದಲಿಸಲು, ಬ್ಲೇಡ್ ಹಾಕಲು ಹೊತ್ತು ಹಿಡಿಯುತ್ತದೆ. ಹಾಗಿದ್ದರೆ ಕೈಜನ್ ಅಲ್ಲಿ ಆಗಬೇಕು. ಯಂತ್ರ ಓಡುತ್ತಿರುವಾಗಲೇ ಮುಂದಿನ ಬ್ಲೇಡ್ ಸೆಟ್, ಗೇಜ್, ಕೀಲಿ ಎಲ್ಲ ಪಕ್ಕದಲ್ಲಿ ಸಿದ್ಧ ಇರಲಿ. ನಿಲ್ಲಿಸಿದ ಮೇಲೆ ಬ್ಲೇಡ್ ಕೂರಿಸುವುದಷ್ಟೇ ಉಳಿಯಬೇಕು. ನಡುವಿನ ರ್‍ಯಾಕ್‌ಗೆ ಮಿತಿ ಹಾಕಿ, ತುಂಬಿದರೆ ಪ್ಲೇನರ್ ನಿಲ್ಲಲಿ. ಪ್ಲೇನ್ ಆದದ್ದು ಅದೇ ದಿನ ಅಂಟು ಕಾಣಬೇಕು. ಅಲ್ಲಿಯವರೆಗೆ ಉಳಿದ ಪಟ್ಟಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ, ತುದಿಗಳನ್ನು ಮರೆಯದೆ ಮುಚ್ಚಿ.